ಸೂಜಿ ಬಾಚಣಿಗೆ

ಆ ವರ್ಷ ನಮ್ಮ ಮನೆಯಲ್ಲಿ ಕಪ್ಪು ಆಲೂಗಡ್ಡೆಯ ಪಲ್ಯ ಮಾಡದ ವಾರವೇ ಇರಲಿಲ್ಲ. ಬಿಲ್ಲೆಯಾಗಿ ಹೆಚ್ಚಿದ ಆಲೂಗಡ್ಡೆಗೆ ಸೂಜಿ ಚುಚ್ಚಿ, ಕಿಡಿ ಕೊಟ್ಟು, ಒದ್ದೆ ಬಟ್ಟೆ ಮುಚ್ಚಿ ಒಲೆಯ ಪಕ್ಕದ ಗೂಡಿನಲ್ಲಿಟ್ಟರೆ, ಮರುದಿನ ಹಾಲು ಕಾಯಿಸುವ ಹೊತ್ತಿಗೆ ಕಿಡಿ ಹರಿದ ಜಾಗವಷ್ಟೇ ಕಪ್ಪಾಗಿರುತ್ತಿತ್ತು. ಎಲ್ಲಿ ಕಪ್ಪಾಗಿದೆ, ಎಲ್ಲಿ ಬೆಳ್ಳಗೆ ಉಳಿದಿದೆ ಎಂದು ನೋಡಿಯಾದ ಮೇಲೆ ಅದನ್ನು ಎಸೆಯಲು ಮನಸ್ಸು ಬರುತ್ತಿರಲಿಲ್ಲ. ಸಾಸಿವೆ, ಕರಿಬೇವು ಹಾಕಿ ಬಾಡಿಸಿಬಿಡುತ್ತಿದ್ದೆ. ನನ್ನ ಮಗಳು ವೇಣಿ ಕಪ್ಪು ಚೂರುಗಳನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿ, "ಇವತ್ತೂ ನನ್ನ ಕಾಯಿಲೆನೇ ಪಲ್ಯನಾ?" ಎನ್ನುತ್ತಿದ್ದಳು. ಅವಳಿಗಾಗ ಹದಿಮೂರು.

ನಮ್ಮೂರಿನ ಪ್ರತಿ ಬಾಗಿಲಿಗೂ ಒಂದು ತಾಮ್ರದ ಸರಪಳಿ ಇಳಿಬಿದ್ದಿರುತ್ತದೆ. ಅದರ ತುದಿ ಹೊಸ್ತಿಲ ಪಕ್ಕದ ಹಸಿ ಮಣ್ಣಿನಲ್ಲಿ ಹೂತಿರುತ್ತದೆ. ಬರುವವರು ಯಾರೇ ಆಗಲಿ, ಅದನ್ನು ಒಮ್ಮೆ ಹಿಡಿದು, ಕೈ ಖಾಲಿ ಮಾಡಿಕೊಂಡು ಒಳಗೆ ಬರಬೇಕು. ಹಿಡಿಯದೆ ಬಂದು ಯಾರನ್ನಾದರೂ ಮುಟ್ಟಿದರೆ ಕಿಡಿ ಹಾರುತ್ತದೆ. ಇಬ್ಬರಿಗೂ ನೋವು. ಆದ್ದರಿಂದ ಸರಪಳಿಯ ಸದ್ದೇ ನಮಗೆ ಕರೆಗಂಟೆ, ಅದೇ ನಮಸ್ಕಾರ. ಅಂಗಡಿಯವರು ಚಿಲ್ಲರೆಯನ್ನು ಮರದ ಹಲಗೆಯ ಮೇಲಿಟ್ಟು ಸರಿಸುತ್ತಾರೆ. ಬಳೆಗಾರ್ತಿ ಬೋಗುಣಿಯ ನೀರಿನಲ್ಲಿ ಕೈ ಅದ್ದಿಸಿಯೇ ಬಳೆ ತೊಡಿಸುತ್ತಾಳೆ. ಮದುವೆಯಲ್ಲಿ ಧಾರೆ ಎರೆಯುವ ತಂಬಿಗೆಯ ನೀರು ಮುಗಿಯುವವರೆಗೆ ಗಂಡು ಹೆಣ್ಣು ಕೈ ಹಿಡಿದಿರುತ್ತಾರೆ. ಅದಕ್ಕೇ ನಮ್ಮಲ್ಲಿ ಸೋದರಮಾವಂದಿರು ತುಂಬ ನಿಧಾನವಾಗಿ ಎರೆಯುತ್ತಾರೆ. ಹೊರಗಿನ ಊರಿನವರು ಬಂದರೆ ಮೊದಲು ನಗುತ್ತಾರೆ. ವಾರ ಕಳೆಯುವಷ್ಟರಲ್ಲಿ ಅವರೂ ಸರಪಳಿ ಹಿಡಿಯತೊಡಗುತ್ತಾರೆ.

ಎಲ್ಲರ ಕೈಯೂ ಒಂದೇ ಸಮ ಇರುವುದಿಲ್ಲ. ಪಕ್ಕದ ಮನೆಯ ಅಂಬಕ್ಕನದು ಸೌಮ್ಯ ಕೈ. ಒಮ್ಮೆ ಸರಪಳಿ ಹಿಡಿದರೆ ಎಲೆಅಡಿಕೆ ಅಗಿದು ಮುಗಿಸುವವರೆಗೂ ಅವಳು ಯಾರನ್ನು ಬೇಕಾದರೂ ಮುಟ್ಟಬಹುದು. ಬೀದಿಯ ಬಾಣಂತಿಯರೆಲ್ಲ ಅವಳನ್ನೇ ಕರೆಯುತ್ತಾರೆ. ನನ್ನದು ಜೋರು ಕೈ. ಹಿಡಿದು ಬಿಟ್ಟ ನಾಲ್ಕು ಉಸಿರಿಗೆಲ್ಲ ಮತ್ತೆ ತುಂಬಿಕೊಳ್ಳುತ್ತದೆ. ಜೋರು ಕೈಯವರು ಎರಡು ಸಲ ಸರಪಳಿ ಹಿಡಿಯಬೇಕೆಂಬುದು ನಮ್ಮೂರಿನ ಕಟ್ಟಳೆ. ಹೀಗಾಗಿ ಬಾಗಿಲಲ್ಲಿ ಎರಡು ಸಲ ಸದ್ದಾದರೆ ಒಳಗಿನವರಿಗೆ ಬಂದವರು ಯಾರೆಂದು ಗೊತ್ತಾಗುತ್ತದೆ. ಮಕ್ಕಳನ್ನು ಮೆಲ್ಲಗೆ ಪಕ್ಕಕ್ಕೆ ಕರೆದುಕೊಳ್ಳುತ್ತಾರೆ. ಅದರಲ್ಲಿ ಕೋಪವಿರುವುದಿಲ್ಲ. ಒಲೆಯ ಹತ್ತಿರ ಹೋಗುವ ಮಗುವನ್ನು ಹಿಂದಕ್ಕೆ ಎಳೆದುಕೊಳ್ಳುವ ಹಾಗೆ, ಅಷ್ಟೇ. ಶಾಲೆಯಲ್ಲಿ ನಾನು ಕೂರುತ್ತಿದ್ದದ್ದು ಬೆಂಚಿನ ತುದಿಯಲ್ಲಿ. ನನಗೂ ಪಕ್ಕದವಳಿಗೂ ನಡುವೆ ಇನ್ನೊಬ್ಬಳು ಕೂರುವಷ್ಟು ಜಾಗ ಯಾವಾಗಲೂ ಖಾಲಿ ಇರುತ್ತಿತ್ತು.

ನನ್ನನ್ನು ಮದುವೆಯಾದವರು ಶಾಲೆಯ ಮೇಷ್ಟರು. ಮಾತಿನಲ್ಲೇ ಹತ್ತಿರ ಇರುತ್ತಿದ್ದರು. ನಾನು ಅಡುಗೆ ಮಾಡುವಾಗ ಬಾಗಿಲ ಚೌಕಟ್ಟಿಗೆ ಒರಗಿ ಮಕ್ಕಳ ತಪ್ಪು ಲೆಕ್ಕಗಳನ್ನು ಓದಿ ನಗಿಸುತ್ತಿದ್ದರು. ವೇಣಿಗೆ ನಡಿಗೆ ಬರುವ ಹೊತ್ತಿಗೆ ಜ್ವರ ಬಂದು ಹೋಗಿಬಿಟ್ಟರು. ಸತ್ತವರಲ್ಲಿ ಕಿಡಿ ಇರುವುದಿಲ್ಲ. ಆ ದಿನ ಅವರ ಕೈಯನ್ನು ನನ್ನ ಕೈಯಲ್ಲಿಟ್ಟುಕೊಂಡು ಬೇಕಾದಷ್ಟು ಹೊತ್ತು ಕೂತೆ. ಯಾರೂ ಬೇಡವೆನ್ನಲಿಲ್ಲ. ಮದುವೆಯಾದ ಮೇಲೆ ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು.

ವೇಣಿಗೆ ನಾನು ಹಾಲು ಕುಡಿಸಿದ್ದು ನೀರಿನ ತೊಟ್ಟಿಯಲ್ಲಿ ಕೂತು. ಮಳೆಯಿರಲಿ ಚಳಿಯಿರಲಿ, ಸೊಂಟದವರೆಗೆ ಬಿಸಿನೀರು, ಒಂದು ಕೈ ತೊಟ್ಟಿಯ ಸರಪಳಿಯ ಮೇಲೆ, ಇನ್ನೊಂದು ಕೈಯಲ್ಲಿ ಮಗು. ನೀರು ಆರುವಷ್ಟರಲ್ಲಿ ಅಂಬಕ್ಕ ಬಂದು ಎತ್ತಿಕೊಳ್ಳುತ್ತಿದ್ದಳು. ಮಗುವನ್ನು ತಟ್ಟಿ ಮಲಗಿಸುತ್ತಿದ್ದವಳು ಅವಳು. ಮುಂದೆ ಶುಕ್ರವಾರಗಳಂದು ಎಣ್ಣೆ ಹಚ್ಚಿ ತಲೆ ಬಾಚಿ ಜಡೆ ಹಾಕುತ್ತಿದ್ದವಳೂ ಅವಳೇ. ಜೋರು ಕೈಯವರು ಇನ್ನೊಬ್ಬರ ತಲೆ ಬಾಚಬಾರದು. ಕೂದಲಲ್ಲಿ ಕಿಡಿ ಓಡುತ್ತದೆ. ನಾನು ಅಡುಗೆಮನೆಯಲ್ಲಿ ಕೂತು ಅವರಿಬ್ಬರ ಮಾತು ಕೇಳಿಸಿಕೊಳ್ಳುತ್ತಿದ್ದೆ. ಮಗಳ ಹತ್ತಿರ ಹೋಗುವಾಗ ಮಾತ್ರ ನಾನು ಎಂದೂ ತಪ್ಪಿದವಳಲ್ಲ. ಅವಳು ಬಿದ್ದು ಮೊಣಕಾಲು ಕೆತ್ತಿಕೊಂಡು ಅಳುತ್ತಿದ್ದರೂ ಮೊದಲು ಸರಪಳಿಯ ಕಡೆಗೆ ಓಡಿ, ಎರಡು ಸಲ ಹಿಡಿದು, ಆಮೇಲೆ ಅವಳ ಕಡೆಗೆ ಓಡುತ್ತಿದ್ದೆ. ಬರಬರುತ್ತಾ ಅದು ಕೈಗೇ ಅಭ್ಯಾಸವಾಗಿಹೋಗಿತ್ತು. ನನಗೆ ಗೊತ್ತಾಗುತ್ತಲೂ ಇರಲಿಲ್ಲ.

ನನ್ನ ಕೆಲಸ ಊರಿನ ಆಸ್ಪತ್ರೆಯ ಉಪಕರಣದ ಕೋಣೆಯಲ್ಲಿ. ಡಿಪ್ಲೊಮಾ ಓದಿಕೊಂಡು ಸೇರಿದವಳು. ಕತ್ತರಿ, ಇಕ್ಕಳ ಹದ ಮಾಡುವುದು, ಮುರಿದದ್ದನ್ನು ಬೆಸೆಯುವುದು, ಇಲ್ಲದ್ದನ್ನು ಮಾಡಿಕೊಡುವುದು. ಒಂದು ದಿನ ಯಶೋಧರ ಡಾಕ್ಟರು ಬಂದು, ದೇಹದೊಳಗೆ ಬೆಳೆಯುವ ಕೆಟ್ಟ ಗೆಡ್ಡೆಗಳಿಗೆ ಕಿಡಿ ಬಳಸಬಹುದೇ ಎಂದು ನೋಡಬೇಕಾಗಿದೆ ಎಂದರು. ಅವರು ಅದನ್ನು ವಿವರಿಸಿದ ರೀತಿ ನನಗೆ ಇಷ್ಟವಾಯಿತು. ಗೆಡ್ಡೆಯ ಒಂದೊಂದು ಕಣಕ್ಕೂ ಒಂದು ತೆಳು ಗೋಡೆ ಇರುತ್ತದೆ. ಮದ್ದು ರಕ್ತದಲ್ಲಿ ಬಂದು ಆ ಗೋಡೆಯ ಹೊರಗೇ ನಿಂತುಬಿಡುತ್ತದೆ. ಅದೇ ಹೊತ್ತಿಗೆ ಸರಿಯಾದ ಕಿಡಿ ಬಿದ್ದರೆ ಗೋಡೆಯಲ್ಲಿ ಸಣ್ಣ ಸಣ್ಣ ಕಿಂಡಿಗಳು ತೆರೆಯುತ್ತವೆ. ಮದ್ದು ಒಳಗೆ ಹೋಗುತ್ತದೆ. ಕಿಂಡಿಗಳು ಮತ್ತೆ ಮುಚ್ಚಿಕೊಳ್ಳುತ್ತವೆ. ಮದ್ದು ಒಳಗೇ ಉಳಿಯುತ್ತದೆ. ಮದ್ದು ನಮ್ಮಲ್ಲಿದೆ, ಕಿಡಿಯಂತೂ ಊರ ತುಂಬ ಇದೆ, ಅದನ್ನು ಹೋಗಬೇಕಾದ ಜಾಗಕ್ಕೆ ಮಾತ್ರ ಕರೆದೊಯ್ಯುವ ಎಲೆಕ್ಟ್ರೋಡ್ ಬೇಕು ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, ಜೋರು ಕೈಯೂ ಬೇಕು ಎಂದರು. ನನ್ನ ಜೀವನದಲ್ಲಿ ನನ್ನ ಕೈಯನ್ನು ಬೇಕೆಂದು ಕೇಳಿದವರು ಅವರೊಬ್ಬರೇ.

ಮೊದಲು ಇಕ್ಕಳದಂಥ ಒಂದು ಸಾಧನ ಮಾಡಿದೆ. ಉದ್ದನೆಯ ಮರದ ಹಿಡಿಗಳ ತುದಿಯಲ್ಲಿ ಎರಡು ಪುಟ್ಟ ತಗಡು. ಕಂಬಳಿ ನೇಯುವ ಬೊಮ್ಮಯ್ಯನ ಪಾದದ ಮೇಲೊಂದು ಹುಣ್ಣು ಬೆಳೆದಿತ್ತು. ವಯಸ್ಸಾದ ಒಂಟಿ ಮನುಷ್ಯ. ಹುಣ್ಣನ್ನು ತಗಡುಗಳ ನಡುವೆ ಹಿಡಿದು ನಾನು ದೂರದಿಂದಲೇ ಹಿಡಿಯ ಮೇಲೆ ಕೂರಿಸಿದ್ದ ಹಿತ್ತಾಳೆಯ ಬೊಟ್ಟನ್ನು ಮುಟ್ಟಿದೆ. ಅದು ಕಪ್ಪಾಗಿ ಒಣಗಿ ಬಿದ್ದುಹೋಯಿತು. ಆಸ್ಪತ್ರೆಯಲ್ಲಿ ಎಲ್ಲರೂ ಸಂತೋಷಪಟ್ಟರು. ಆದರೆ ತಗಡಿನ ಕಿಡಿ ಮೇಲ್ಮೈಯಲ್ಲೇ ಓಡುತ್ತಿತ್ತು. ಆಳದ ಗೆಡ್ಡೆಗೆ ಅದು ಸಾಲದು ಎಂದು ಡಾಕ್ಟರು ಆಗಲೇ ಹೇಳಿದ್ದರು.

ವೇಣಿಯ ಗೆಡ್ಡೆಯನ್ನು ಮೊದಲು ಕಂಡವಳು ಅಂಬಕ್ಕ. ಒಂದು ಶುಕ್ರವಾರ ಜಡೆ ಹಾಕುತ್ತಾ ಎಡಗಡೆ ಹೆಗಲಮೂಳೆಯ ಕೆಳಗೆ ಕೈಗೆ ಏನೋ ತಾಗಿತಂತೆ. ಅವಳು ಅಡುಗೆಮನೆಗೆ ಬಂದು, ಬಾಗಿಲಲ್ಲೇ ನಿಂತು, ಸೆರಗಿನಲ್ಲಿ ಎಣ್ಣೆಗೈ ಒರೆಸಿಕೊಳ್ಳುತ್ತಾ ಹೇಳಿದಳು. ಅವರೆಕಾಳಿನಷ್ಟಿದೆ, ಗಟ್ಟಿಯಾಗಿದೆ, ನೋವಿಲ್ಲವಂತೆ ಎಂದಳು. ನನಗೆ ಭಯಕ್ಕಿಂತ ಮೊದಲು ಬಂದದ್ದು ಬೇರೆಯೇ ಒಂದು ಸಂಕಟ. ತಾಯಿಯಾದ ನನ್ನ ಕೈಗೆ ಅದು ಸಿಗಲಿಲ್ಲವಲ್ಲ ಎಂದು.

ಡಾಕ್ಟರು ಕತ್ತರಿಸಿ ತೆಗೆದರು. ಮಳೆಗಾಲ ಕಳೆಯುವ ಮುಂಚೆ ಹೊಲಿಗೆಯ ಪಕ್ಕದಲ್ಲೇ ಮತ್ತೆ ಬಂತು. ಈ ಸಲ ಆಳಕ್ಕೆ ಇಳಿದಿತ್ತು. ಇನ್ನೊಮ್ಮೆ ಕತ್ತರಿಸಿದರೆ ತೋಳು ಎತ್ತುವ ಸ್ನಾಯುವೇ ಹೋಗುತ್ತದೆ, ಹಾಗೆ ಮಾಡಿದರೂ ಪೂರ್ತಿ ಬರುತ್ತದೆಂದು ಹೇಳಲಾರೆ ಎಂದರು. ಬರೀ ಮದ್ದು ಕೊಟ್ಟು ನೋಡಿದರು. ವೇಣಿಗೆ ವಾಂತಿಯಾಯಿತೇ ಹೊರತು ಗೆಡ್ಡೆ ಅಲ್ಲಾಡಲಿಲ್ಲ. ಉಳಿದದ್ದು ಸೂಜಿಗಳ ಎಲೆಕ್ಟ್ರೋಡ್ ಒಂದೇ.

ಎರಡೇ ಸೂಜಿ ಇಟ್ಟು ನೋಡಿದೆ. ಆಲೂಗಡ್ಡೆಯಲ್ಲಿ ಸೂಜಿಯಿಂದ ಸೂಜಿಗೆ ಒಂದು ಕಪ್ಪು ಗೆರೆ ಬಂತು, ಅಷ್ಟೇ. ಉಂಗುರದ ಹಾಗೆ ಸುತ್ತ ಸೂಜಿ ಇಟ್ಟೆ. ಸುತ್ತಲೂ ಕಪ್ಪಾಗಿ ನಡುವೆ ಒಂದು ಬಿಳಿ ಚುಕ್ಕೆ ಉಳಿಯಿತು. ಆ ಚುಕ್ಕೆಯನ್ನು ಡಾಕ್ಟರು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಷ್ಟು ಉಳಿದರೂ ಸಾಕು, ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ ಎಂದರು. ಕೊನೆಗೆ ಎರಡು ಸಾಲು ಮಾಡಿದೆ, ಸಾಲಿಗೂ ಸಾಲಿಗೂ ನಡುವೆ ಅಕ್ಕಿಕಾಳಿನಷ್ಟು ಅಂತರ. ಒಂದು ಸಾಲಿನ ತಂತಿ ಹಿಡಿಯ ಮೇಲಿನ ಹಿತ್ತಾಳೆ ಬೊಟ್ಟಿಗೆ. ಇನ್ನೊಂದರ ತಂತಿ ಕಿಟಕಿಯಾಚೆ, ಉಪ್ಪು ಇದ್ದಿಲು ಹಾಕಿ ನೀರು ಹುಯ್ದ ಕುಳಿಗೆ. ನಾನು ಬೊಟ್ಟು ಮುಟ್ಟಿದರೆ ಕಿಡಿ ಈ ಸಾಲಿನಿಂದ ಆ ಸಾಲಿಗೆ ಹಾರಿ ಮಣ್ಣಿಗೆ ಇಳಿಯಬೇಕು. ದಾರಿಯಲ್ಲಿ ಚರ್ಮ ಸುಡಬಾರದೆಂದು ಸೂಜಿಗಳ ಮೇಲ್ಭಾಗಕ್ಕೆ ಅರಗು ಸವರಿ ತುದಿಯನ್ನಷ್ಟೇ ಬಿಟ್ಟೆ. ಅರಗು ಕಾಯಿಸುವ ವಾಸನೆಗೆ ವೇಣಿ ಮೂಗು ಮುಚ್ಚಿಕೊಂಡು ಬಂದು ನೋಡಿ, ಸೂಜಿ ಬಾಚಣಿಗೆ ಎಂದು ಹೆಸರಿಟ್ಟಳು. ಆಸ್ಪತ್ರೆಯಲ್ಲೂ ಅದೇ ಹೆಸರು ನಿಂತಿತು. ಆ ಬಾಚಣಿಗೆ ಚುಚ್ಚಿದ ಆಲೂಗಡ್ಡೆ ಮರುದಿನ ಅಂಚಿನಿಂದ ಅಂಚಿಗೆ ಇದ್ದಿಲಿನ ಹಾಗಾಗಿತ್ತು. ಬಿಳಿ ಚುಕ್ಕೆ ಎಲ್ಲೂ ಇರಲಿಲ್ಲ.

ಅದರಿಂದ ಧೈರ್ಯ ಬಂದು ವೇಣಿಯನ್ನು ಮಲಗಿಸಿದೆವು. ಡಾಕ್ಟರು ನರಕ್ಕೆ ಮದ್ದು ಹಾಕಿದರು. ಮರಗಟ್ಟುವ ಮದ್ದನ್ನು ಬೆನ್ನಿಗೆ ಚುಚ್ಚಿದರು. ನಾನು ಮಂಚದ ಪಕ್ಕದ ಸರಪಳಿ ಹಿಡಿದು, ಎಡಗೈಯನ್ನು ಅವಳ ಹೆಗಲ ಮೇಲಿಟ್ಟು, ಬಲಗೈಯಿಂದ ಬಾಚಣಿಗೆ ಊರಿ ಬೊಟ್ಟು ಮುಟ್ಟಿದೆ. ಮತ್ತೆ ಸರಪಳಿ, ಮತ್ತೆ ಹೆಗಲು, ಮತ್ತೆ ಬೊಟ್ಟು. ಪ್ರತಿ ಸಲವೂ ಚಿಟ್ ಎಂದು ಸಣ್ಣ ಸದ್ದು ಬಂತು. ಅವಳ ಬೆನ್ನು ಒಂದಿಷ್ಟು ಅದುರಿತು. ಅಂಬಕ್ಕ ಅವಳ ಬಲಗೈ ಹಿಡಿದುಕೊಂಡು ಕಥೆ ಹೇಳುತ್ತಿದ್ದಳು. ಎಲ್ಲ ಮುಗಿದ ಮೇಲೆ ವೇಣಿ, ಇಷ್ಟೇನಾ ಎಂದು ಕೇಳಿದಳು. ಇಷ್ಟೇ ಎಂದು ನಾವು ನಕ್ಕೆವು.

ಗೆಡ್ಡೆ ಹಾಗೇ ಇತ್ತು. ಇನ್ನೊಮ್ಮೆ ಮಾಡಿದೆವು, ಮತ್ತೊಮ್ಮೆ ಮಾಡಿದೆವು. ತಪ್ಪು ಸೂಜಿಯದೇ ಇರಬೇಕೆಂದು ನಾನು ಅಂತರ ಬದಲಿಸಿದೆ, ಅರಗನ್ನು ಇನ್ನಷ್ಟು ಕೆಳಗೆ ಇಳಿಸಿದೆ, ಆಮೇಲೆ ಮೇಲಕ್ಕೆ ತಂದೆ, ಉಕ್ಕು ಬಿಟ್ಟು ಬೆಳ್ಳಿಯ ಲೇಪ ಕೊಟ್ಟು ನೋಡಿದೆ. ಒಂದೊಂದು ಸಲವೂ ಆಲೂಗಡ್ಡೆ ಕಪ್ಪಾಗುತ್ತಿತ್ತು, ನನ್ನ ಮಗಳ ಗೆಡ್ಡೆ ಬೆಳೆಯುತ್ತಿತ್ತು. ಅವರೆಕಾಳು ಹೋಗಿ ಗೋಲಿಯಾಗಿ, ಗೋಲಿ ಹೋಗಿ ನೆಲ್ಲಿಕಾಯಿಯಾಯಿತು. ಅವಳು ಎಡಮಗ್ಗುಲಾಗಿ ಮಲಗುವುದನ್ನು ಬಿಟ್ಟಳು. ಎದುರು ಮನೆಯವಳು ಅಂಬಕ್ಕನ ಹತ್ತಿರ, ಜೋರು ಕೈಯವಳು ಸಾಕಿದ ಮಗುವಲ್ಲವೇ, ಎಲ್ಲೋ ಚಿಕ್ಕಂದಿನಲ್ಲಿ ಕಿಡಿ ತಾಗಿರಬೇಕು ಎಂದಳಂತೆ. ಅಂಬಕ್ಕ ಅವಳಿಗೆ ಏನು ಹೇಳಿ ಬಾಯಿ ಮುಚ್ಚಿಸಿದಳೋ, ನನಗೆ ಹೇಳಲಿಲ್ಲ. ಆದರೆ ಆ ಮಾತನ್ನು ನಾನು ಪಾತ್ರೆ ತಿಕ್ಕುವಾಗಲೆಲ್ಲ ತಿಕ್ಕಿದೆ. ಅದಾದ ಮೇಲೆ ಮಗಳ ಹತ್ತಿರ ಹೋಗುವಾಗ ಎರಡು ಸಲದ ಜೊತೆಗೆ ಮೂರನೆಯ ಸಲವೂ ಸರಪಳಿ ಹಿಡಿಯತೊಡಗಿದೆ.

ಒಂದು ಮಧ್ಯಾಹ್ನ ಹೊಸ ಬಾಚಣಿಗೆಯನ್ನು ಮನೆಯಲ್ಲಿ ಪರೀಕ್ಷೆ ಮಾಡುತ್ತಿದ್ದೆ. ಹಿತ್ತಲಿನಲ್ಲೂ ಒಂದು ಕುಳಿ ತೋಡಿಕೊಂಡಿದ್ದೆ. ಒಲೆಯ ಮೇಲೆ ಬೇಳೆ. ವೇಣಿ ಅಡುಗೆಮನೆಯ ಹೊಸ್ತಿಲ ಮೇಲೆ ಬಲಭುಜವನ್ನು ಗೋಡೆಗೆ ಒರಗಿಸಿ ಕೂತು ನೋಡುತ್ತಿದ್ದಳು. ನಾನು ಒಂದು ಕೈಯಲ್ಲಿ ಆಲೂಗಡ್ಡೆಯನ್ನು ಮಣೆಗೆ ಒತ್ತಿ ಹಿಡಿದು ಸೂಜಿ ಊರಿ ಬೊಟ್ಟು ಮುಟ್ಟಿದೆ. ಚಟಾರೆಂದಿತು. ಮಣೆಯ ಮೇಲಿದ್ದ ಕರಿಬೇವಿನ ಎಲೆ ಹಾರಿತು.

"ಆಲೂಗಡ್ಡೆಗೆ ನೀನು ಮರ್ಯಾದೆನೇ ಕೊಡಲ್ಲ ಕಣಮ್ಮ," ಎಂದಳು ವೇಣಿ.

"ಹಾಗಂದ್ರೆ?"

"ಸರಪಳಿ ಹಿಡಿಯಲ್ಲ, ಏನಿಲ್ಲ. ಸೀದಾ ಹೋಗಿ ಮುಟ್ಟಿಬಿಡ್ತೀಯ. ನನ್ನ ಹತ್ರ ಬರೋವಾಗ ಮೂರು ಮೂರು ಸಲ ಹಿಡ್ಕೊಂಡು ಬರ್ತೀಯ."

ನಾನು ನಕ್ಕೆ. ಆಲೂಗಡ್ಡೆಗೆ ನೋವಾಗುತ್ತದೇನೇ ಎಂದೆ. ಹಾಗೆಂದು ಇನ್ನೊಂದು ಬಿಲ್ಲೆ ಎತ್ತಿಕೊಳ್ಳಲು ಹೋದ ಕೈ ಅಲ್ಲೇ ನಿಂತಿತು. ಬೇಳೆ ಉಕ್ಕಿ ಒಲೆಯ ಮೇಲೆ ಚೆಲ್ಲುತ್ತಿದ್ದುದು ಕಾಣುತ್ತಿತ್ತು, ಎದ್ದು ಹೋಗಲು ಆಗಲಿಲ್ಲ. ಎಷ್ಟು ತಿಂಗಳು ನಾನು ಸೂಜಿಯನ್ನು ಅನುಮಾನಿಸಿದ್ದೆ. ಸೂಜಿಯಲ್ಲಿ ಏನೂ ತಪ್ಪಿರಲಿಲ್ಲ. ಬೊಟ್ಟನ್ನು ಮುಟ್ಟುತ್ತಿದ್ದ ಕೈಯಲ್ಲಿ ಏನೂ ಇರಲಿಲ್ಲ. ಮಗಳ ಹೆಗಲ ಮೇಲೆ ಕೈಯಿಡಬೇಕು, ಇಡಬೇಕಾದರೆ ಸರಪಳಿ ಹಿಡಿಯಬೇಕು, ಹಿಡಿದರೆ ಕಿಡಿ ಅಲ್ಲೇ ಮಣ್ಣಿಗೆ ಹೋಯಿತು. ನಾನು ಅವಳಿಗೆ ಕೊಡುತ್ತಿದ್ದದ್ದು ಮಣ್ಣಿಗೆ ಹೋಗಿ ಉಳಿದ ಚೂರುಪಾರು ಕಿಡಿ. ಬೊಮ್ಮಯ್ಯನ ಪಾದ ಯಾಕೆ ವಾಸಿಯಾಯಿತೆಂಬುದೂ ಆಗ ತಿಳಿಯಿತು. ಅವನನ್ನು ಯಾರೂ ಹಿಡಿದುಕೊಂಡಿರಲಿಲ್ಲ.

ಯಶೋಧರ ಡಾಕ್ಟರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೂ ಪಕ್ಕದಲ್ಲೇ ನಿಂತಿದ್ದೆನಲ್ಲಮ್ಮ," ಎಂದರು. "ನೀವು ಹಿಡಿದಾದ ಮೇಲೆ ನಾನೂ ಹಿಡೀತಿದ್ದೆ. ಆ ಕೋಣೇಲಿ ಇದ್ದೋರೆಲ್ಲ ಹಿಡೀತಿದ್ವಿ." ಅವರು ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಇಬ್ಬರೂ ಯೋಚಿಸಿದ್ದು ಒಂದೇ ವಿಷಯ. ಗೆಡ್ಡೆ ಇದ್ದದ್ದು ಎಡಗಡೆ. ಅದರ ಹಿಂದೆ ಪಕ್ಕೆಲುಬು, ಅದರ ಹಿಂದೆ ಅವಳ ಹೃದಯ. ತುಂಬಿದ ಜೋರು ಕೈ ತಾಗಿ ಕರುವೊಂದು ನಿಂತಲ್ಲೇ ಬಿದ್ದದ್ದನ್ನು ನಮ್ಮೂರಿನಲ್ಲಿ ಎಲ್ಲರೂ ಕೇಳಿದ್ದಾರೆ.

ಕಿಡಿ ಸೂಜಿಗಳ ನಡುವೆಯೇ ನಿಲ್ಲುತ್ತದೋ, ಆಚೆಗೂ ಹೋಗುತ್ತದೋ ಎಂದು ಮೊದಲು ನೋಡಬೇಕಾಗಿತ್ತು. ಎರಡು ಆಲೂಗಡ್ಡೆಯ ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟು, ಮೇಲಿನದಕ್ಕೆ ಮಾತ್ರ ಸೂಜಿ ಊರಿ, ಕಂಬಳಿಯ ಮೇಲೆ ಅಂಗಾಲು ಉಜ್ಜಿ ಕೈತುಂಬ ಕಿಡಿ ತುಂಬಿಕೊಂಡು ಬೊಟ್ಟು ಮುಟ್ಟಿದೆ. ಸಾಲುಗಳ ಅಂತರ ಹೆಚ್ಚಿದ್ದ ಹಳೆಯ ಬಾಚಣಿಗೆಯಲ್ಲಿ ಕೆಳಗಿನ ಬಿಲ್ಲೆಯೂ ಕಪ್ಪಾಯಿತು. ಹತ್ತಿರದ ಸಾಲುಗಳ ಬಾಚಣಿಗೆಯಲ್ಲಿ ಮೇಲಿನದು ಇದ್ದಿಲು, ಕೆಳಗಿನದು ಹಾಲಿನ ಹಾಗೆ ಬಿಳಿ. ಸೂಜಿಗಳು ಒಂದಕ್ಕೊಂದು ಹತ್ತಿರವಿದ್ದಷ್ಟೂ ಕಿಡಿ ಅವುಗಳ ನಡುವೆಯೇ ಮುಗಿದುಹೋಗುತ್ತಿತ್ತು. ಮತ್ತೆ ಮಾಡಿದೆ. ಮತ್ತೆ ಬಿಳಿ. ಒಂದು ಬುಟ್ಟಿ ಆಲೂಗಡ್ಡೆ ಖಾಲಿಯಾಗುವವರೆಗೆ ಮಾಡಿದೆ. ಕೆಳಗಿನ ಬಿಲ್ಲೆಯನ್ನು ಪ್ರತಿ ಬೆಳಗ್ಗೆ ಕೈಯಲ್ಲಿ ಹಿಡಿದು ನೋಡುವಾಗ ಅದನ್ನು ಆಲೂಗಡ್ಡೆ ಎಂದುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ.

ಇನ್ನು ಉಳಿದದ್ದು ನನ್ನ ಕೈಯ ಅಭ್ಯಾಸ. ಡಾಕ್ಟರು ಆ ಕೋಣೆಯ ಸರಪಳಿಯನ್ನೇ ಬಿಚ್ಚಿಸಿಬಿಟ್ಟರು. ಆಸ್ಪತ್ರೆಯಲ್ಲಿ ಅದು ದೊಡ್ಡ ಮಾತಾಯಿತು. ಸರಪಳಿಯಿಲ್ಲದ ಕೋಣೆಯನ್ನು ನಮ್ಮೂರಿನಲ್ಲಿ ಯಾರೂ ಕಂಡಿರಲಿಲ್ಲ. ಬಟ್ಟೆಯಿಲ್ಲದ ಮೈಯನ್ನು ಕಂಡವರ ಹಾಗೆ ಕೆಲಸದವರು ಬಾಗಿಲ ಬಳಿ ಬಂದು ನೋಡಿ ಮುಖ ತಿರುಗಿಸಿಕೊಂಡು ಹೋದರು. ವೇಣಿಯನ್ನು ಯಾರೂ ಹಿಡಿಯುವಂತಿರಲಿಲ್ಲ. ಯಾರು ಮುಟ್ಟಿದರೂ ಕಿಡಿ ಅವರ ಕಡೆಗೆ ದಾರಿ ಹುಡುಕಬಹುದು. ಹುಟ್ಟಿದಾಗಿನಿಂದ ಅವಳ ಕೈ ಹಿಡಿದಿದ್ದ ಅಂಬಕ್ಕ ಹೊಸ್ತಿಲ ಹೊರಗೆ ನಿಲ್ಲಬೇಕಾಯಿತು. ಬೆಳಗ್ಗೆ ಅವಳೇ ವೇಣಿಯ ಜಡೆಯನ್ನು ಬಿಗಿಯಾಗಿ ಹೆಣೆದು ನೆತ್ತಿಯ ಮೇಲೆ ಸುತ್ತಿದ್ದಳು. ಹೊರಗೆ ಹೋಗುವ ಮುಂಚೆ ನನ್ನ ಮುಂದೆ ನಿಂತು, "ಕೈ ನಡುಗಿಸಬೇಡ ಕಣೇ. ನೀನು ಹೆದರಿದ್ರೆ ಮಗೂಗೆ ಗೊತ್ತಾಗುತ್ತೆ," ಎಂದಳು. ಇಷ್ಟು ವರ್ಷದಲ್ಲಿ ಅವಳು ಮಗು ಎಂದದ್ದು ನನ್ನ ಮಗುವನ್ನೋ ತನ್ನ ಮಗುವನ್ನೋ ಎಂದು ನಾನು ಕೇಳಿರಲಿಲ್ಲ. ಆ ದಿನವೂ ಕೇಳಲಿಲ್ಲ.

ವೇಣಿ ಬೋರಲು ಮಲಗಿದ್ದಳು. ಮುಖ ದಿಂಬಿನಲ್ಲಿ. ಬೆನ್ನು ತೆರೆದಿತ್ತು, ಎಷ್ಟು ಸಣ್ಣ ಬೆನ್ನು. ಡಾಕ್ಟರು ಮದ್ದು ಹಾಕಿ, ಬೆನ್ನಿಗೆ ಮರಗಟ್ಟುವ ಮದ್ದು ಚುಚ್ಚಿ, ಬಾಚಣಿಗೆಯ ಸೂಜಿಗಳನ್ನು ಗೆಡ್ಡೆಯೊಳಗೆ ಇಳಿಸಿ ಹಿಡಿಯನ್ನು ಮರದ ಕಾಲುಗಳ ಮೇಲೆ ನಿಲ್ಲಿಸಿ ಗೋಡೆಯ ಬದಿಗೆ ಸರಿದರು. ನಾನು ಕೋಣೆಯ ಆ ತುದಿಯಲ್ಲಿ ಕಂಬಳಿಯ ಮೇಲೆ ನಿಂತು ಅಂಗಾಲು ಉಜ್ಜಿದೆ. ಕೈ ಭಾರವಾಯಿತು. ಬೆರಳ ತುದಿಗಳು ಜುಮ್ಮೆಂದವು. ಹಾಗೆ ತುಂಬಿದ ಕೈಯಿಟ್ಟುಕೊಂಡು ನಾನು ಯಾರ ಹತ್ತಿರವೂ ನಡೆದವಳಲ್ಲ. ಮಂಚದ ಪಕ್ಕಕ್ಕೆ ಬರುವಾಗ ಎಡಗೈ ತಾನಾಗಿಯೇ ಗೋಡೆಯ ಕಡೆಗೆ ಹೋಯಿತು. ಅಲ್ಲಿ ಸರಪಳಿ ತೂಗಿದ್ದ ಮೊಳೆಯೊಂದಿತ್ತು. ಒಣಗೋಡೆಯ ಬರೀ ಮೊಳೆ. ಅದು ನನ್ನಿಂದ ಏನನ್ನೂ ತೆಗೆದುಕೊಳ್ಳಲಿಲ್ಲ.

"ಬಂದ್ಯಾಮ್ಮ?" ಎಂದಳು ವೇಣಿ, ದಿಂಬಿನೊಳಗಿನಿಂದ.

"ನಾನಿನ್ನೂ ಮುಟ್ಟಿಲ್ಲ ಕಣೇ."

"ಗೊತ್ತು. ಬೆನ್ನಿಗೆ ಗೊತ್ತಾಗ್ತಿದೆ. ಯಾವಾಗ್ಲೂ ನೀನು ಬಂದಿದ್ದೇ ಗೊತ್ತಾಗ್ತಿರಲಿಲ್ಲ. ಅಂಬಕ್ಕನೂ ಹಾಗೇ, ನೀನೂ ಹಾಗೇ. ಕಣ್ಣು ಮುಚ್ಚಿದ್ರೆ ಯಾರು ಅಂತ ಗೊತ್ತಾಗ್ತಿರಲಿಲ್ಲ. ಇವತ್ತು ಗೊತ್ತಾಗ್ತಿದೆ."

ನಾನು ನೋಡಿದೆ. ಅವಳ ಕತ್ತಿನ ಹಿಂದೆ, ಜಡೆಗೆ ಸಿಗದ ಸಣ್ಣ ಕೂದಲುಗಳು ಎದ್ದು ನಿಂತಿದ್ದವು. ಬೆನ್ನ ಮೇಲಿನ ನಯವಾದ ರೋಮಗಳೂ ಎದ್ದಿದ್ದವು. ಗಾಳಿ ಇರಲಿಲ್ಲ. ನಾನು ಕೈಯನ್ನು ಆ ಕಡೆ ಸರಿಸಿದರೆ ಆ ಕಡೆ, ಈ ಕಡೆ ತಂದರೆ ಈ ಕಡೆ, ಎಲ್ಲವೂ ನನ್ನ ಕೈಯನ್ನೇ ನೋಡುತ್ತಿದ್ದವು. ಹದಿಮೂರು ವರ್ಷ ನಾನು ಕೈ ಖಾಲಿ ಮಾಡಿಕೊಂಡು ಹೋಗಿದ್ದೆ. ಇದು ಹೀಗೆ ಆಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಬೊಟ್ಟು ಮುಟ್ಟಿದೆ. ಚಟಾರೆಂದಿತು. ಅವಳ ತೋಳು ಮಂಚದಿಂದ ಎಗರಿ ಬಿತ್ತು. ದಿಂಬಿನೊಳಗೆ ಅವಳು ಕೂಗಿದ್ದು ಕೂಗಿನಂತಿರಲಿಲ್ಲ, ಉಸಿರನ್ನೇ ಯಾರೋ ಹಿಂಡಿದಂತಿತ್ತು. ಡಾಕ್ಟರು ಅವಳ ಕೊರಳ ನರ ಬಡಿಯುವುದನ್ನು ದೂರದಿಂದಲೇ ನೋಡಿ ತಲೆಯಾಡಿಸಿದರು. ಬಡಿಯುತ್ತಿದೆ. ನಾನು ಹಿಂದಕ್ಕೆ ಹೋಗಿ ಕಂಬಳಿ ಉಜ್ಜಿ ಮತ್ತೆ ಬಂದೆ. ಮತ್ತೆ ಆ ಕೂದಲುಗಳು ಎದ್ದವು. ಇನ್ನೂ ಇದೆಯಾ ಎಂದು ಕೇಳಿದಳು. ಇದೆ ಎಂದೆ. ಸರಿ ಎಂದಳು. ಅವಳ ಬೆನ್ನು ತಟ್ಟಲು ನನಗೆ ಕೈಯಿರಲಿಲ್ಲ. ಒಂದೊಂದು ಸಲ ಹೋಗಿ ಬರುವಾಗಲೂ ಬಾಯಲ್ಲೇ, ಬಂದೆ ಕಣೇ, ಬಂದೆ, ಎನ್ನುತ್ತಾ ನಡೆದೆ. ಹೊಸ್ತಿಲ ಹೊರಗೆ ಅಂಬಕ್ಕ ಸೆರಗನ್ನು ಬಾ‌ಯಿಗೆ ತುರುಕಿಕೊಂಡು ನಿಂತಿದ್ದಳು.

ಡಾಕ್ಟರು ಸಾಕು ಎಂದಾಗ ನಾನು ಅಂಗಳಕ್ಕೆ ಓಡಿದೆ. ಮಗಳನ್ನು ತಬ್ಬಿಕೊಳ್ಳಬೇಕಾದರೆ ಮೊದಲು ಅಲ್ಲಿನ ಸರಪಳಿ ಹಿಡಿಯಬೇಕಿತ್ತು. ಹಿಡಿದು ಬರುವಷ್ಟರಲ್ಲಿ ಅಂಬಕ್ಕ ಅವಳ ಬೆವರು ಒರೆಸಿ ಮಗ್ಗುಲಾಗಿ ಮಲಗಿಸಿದ್ದಳು. ನಾನು ಅವಳ ಹಣೆಯ ಮೇಲೆ ಕೈಯಿಟ್ಟೆ. ಅವಳು ಕಣ್ಣು ತೆರೆಯದೆ, "ಯಾರು?" ಎಂದಳು.

ಗೆಡ್ಡೆ ಮೊದಲು ಊದಿತು, ಆಮೇಲೆ ಕಪ್ಪಾಯಿತು. ಒಂದು ಬೆಳಗ್ಗೆ ಹುರಿದ ಹುಣಸೆಬೀಜದ ಸಿಪ್ಪೆಯಂಥ ಚಕ್ಕೆ ಅವಳ ಅಂಗಿಗೆ ಅಂಟಿಕೊಂಡು ಬಂತು. ಅದರ ಅಡಿಯಲ್ಲಿ ನಸುಗೆಂಪು ಚರ್ಮ, ಅದರ ಮೇಲೆ ಎರಡು ಸಾಲು ಸಣ್ಣ ಚುಕ್ಕೆಗಳು. ಯಶೋಧರ ಡಾಕ್ಟರು ತಿಂಗಳಿಗೊಮ್ಮೆ ಒತ್ತಿ ನೋಡುತ್ತಾರೆ. ಈವರೆಗೆ ಏನೂ ಸಿಕ್ಕಿಲ್ಲ. ಮುಂದೆಯೂ ಸಿಗುವುದಿಲ್ಲ ಎಂದು ಅವರು ಮಾತು ಕೊಟ್ಟಿಲ್ಲ, ನಾನೂ ಕೇಳಿಲ್ಲ. ಆ ಕೋಣೆಗೆ ಮತ್ತೆ ಸರಪಳಿ ಹಾಕಲಿಲ್ಲ. ಊರವರು ಅದನ್ನು ಮೊಳೆ ಕೋಣೆ ಎನ್ನುತ್ತಾರೆ. ಈಗ ಬೇರೆಯವರೂ ಬರುತ್ತಾರೆ. ಬೀದಿಯಲ್ಲಿ ನನ್ನನ್ನು ಕಂಡು ಪಕ್ಕಕ್ಕೆ ಸರಿಯುವವರೇ ಅಲ್ಲಿ ಬಂದು ಬೆನ್ನು ತೆರೆದು ಮಲಗುತ್ತಾರೆ, ವಾಸಿಯಾದ ಮೇಲೆ ಮತ್ತೆ ಪಕ್ಕಕ್ಕೆ ಸರಿಯುತ್ತಾರೆ. ನನಗೆ ಅದು ಬೇಸರವಲ್ಲ. ಮೊನ್ನೆ ಒಬ್ಬಳು ಮುದುಕಿ ಎಲ್ಲ ಮುಗಿದ ಮೇಲೂ ಏಳದೆ, ಇನ್ನೊಂದು ಸ್ವಲ್ಪ ಹೊತ್ತು ಹಾಗೇ ಹತ್ತಿರ ನಿಂತಿರವ್ವ ಎಂದು ಕೇಳಿದಳು. ಕೈಯಲ್ಲಿನ ಕಿಡಿ ಆರುವವರೆಗೆ ನಿಂತಿದ್ದೆ.

ಅಂಬಕ್ಕ ಈಗಲೂ ಶುಕ್ರವಾರ ಬಂದು ಜಡೆ ಹಾಕುತ್ತಾಳೆ. ನಾನು ಅಡುಗೆಮನೆಯಲ್ಲೇ ಕೂತು ಕೇಳಿಸಿಕೊಳ್ಳುತ್ತೇನೆ. ಇವತ್ತು ಶುಕ್ರವಾರವಲ್ಲ. ಅನ್ನಕ್ಕೆ ಎಸರಿಟ್ಟು, ಅದು ಕುದಿಯುವವರೆಗೆ ಇಷ್ಟು ಬರೆದೆ. ಶಾಲೆ ಬಿಟ್ಟ ಹೊತ್ತು, ವೇಣಿ ಬರುವ ಹೊತ್ತು. ಬೀದಿಯ ಒಂದೊಂದೇ ಮನೆಯ ಸರಪಳಿ ಸದ್ದಾಗುತ್ತಿದೆ, ಎದುರು ಮನೆಯದು, ಅಂಬಕ್ಕನ ಮನೆಯದು. ನಮ್ಮ ಬಾಗಿಲಿನದು ಸದ್ದಾಗಲಿಲ್ಲ. ಆದರೂ ನನ್ನ ಕತ್ತಿನ ಹಿಂದೆ ಕೂದಲು ಒಂದೊಂದಾಗಿ ಏಳುತ್ತಿವೆ. ನಾನು ತಿರುಗಿ ನೋಡುವುದಿಲ್ಲ. ಮುಟ್ಟಿದರೆ ನೋವಾಗುತ್ತದೆಂದು ಗೊತ್ತಿದೆ. ಕೂತೇ ಇರುತ್ತೇನೆ.